ಹಳೆಯ ಜೋಡುಗಾಲಿ ಲಾರಿಗಳ ಗಾಲಿ ಮತ್ತು ಎಕ್ಸಲ್ ಗುರುತಿಸುವ ಕ್ರಮ

ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ, ಮುಧೋಳ, ಜಮಖಂಡಿಯ ಕಡೆ ಒಂದು ಕಾಲದಲ್ಲಿ ಬೆಲ್ಲ ಮತ್ತು ಕಬ್ಬು ಹೇರಿಕೊಂಡು ಓಡಾಡಿದ ಲಾರಿಗಳಲ್ಲಿ ಕೆಲವು ಇಂದಿಗೂ ತೋಟದ ಮನೆಯ ಹಿಂದೆ ಬೇವಿನ ನೆರಳಿನಲ್ಲಿ ನಿಂತಿವೆ. ಅವುಗಳನ್ನು ಗುಜರಿಗೆ ಹಾಕದೆ ಮತ್ತೆ ರಸ್ತೆಗೆ ಇಳಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಎಂಜಿನ್ನಿನ ಚಿಂತೆಯನ್ನೇ ಮೊದಲು ಹಚ್ಚಿಕೊಳ್ಳುತ್ತಾರೆ. ಆದರೆ ಎಂಜಿನ್ನಿಗೆ ನಂಬರ್ ಇರುತ್ತದೆ, ಆ ನಂಬರ್ ಆರ್‌ಸಿಯಲ್ಲಿ ದಾಖಲಾಗಿರುತ್ತದೆ, ಅದನ್ನು ಹಿಡಿದು ಬಿಡಿಭಾಗ ಹುಡುಕಬಹುದು. ಹಿಂದಿನ ಜೋಡುಗಾಲಿ (ಒಂದೊಂದು ಬದಿಗೆ ಜೋಡಿಯಾಗಿ ಕೂರುವ ಎರಡು ಗಾಲಿ), ಹಬ್ (ಗಾಲಿಯನ್ನು ಬಿಗಿಯುವ ನಡುಭಾಗ) ಮತ್ತು ಎಕ್ಸಲ್‌ಗಳ ಸಂಗತಿ ಹಾಗಲ್ಲ. ನಲವತ್ತು-ಐವತ್ತು ವರ್ಷಗಳ ದುಡಿಮೆಯಲ್ಲಿ ಒಂದು ಡಿಸ್ಕ್ (ರಿಮ್ಮನ್ನು ಹಬ್ಬಿಗೆ ಸೇರಿಸುವ ಉಕ್ಕಿನ ತಟ್ಟೆ) ಸೀಳಿದಾಗ ಬೇರೊಂದು ಗಾಡಿಯ ಡಿಸ್ಕ್ ಬಂದಿರುತ್ತದೆ. ಹೌಸಿಂಗ್ (ಎಕ್ಸಲ್ಲಿನ ಹೊರಕವಚ) ಬಾಗಿದಾಗ ಇಡೀ ಎಕ್ಸಲ್ಲೇ ಬದಲಾಗಿರುತ್ತದೆ. ಸ್ಟಡ್ (ಗಾಲಿಯ ನಟ್ ಏರುವ ಬೋಲ್ಟು) ಮುರಿದಲ್ಲಿ ಆ ದಿನ ಸಿಕ್ಕ ಸ್ಟಡ್ ಕುಳಿತಿರುತ್ತದೆ. ಹೀಗಾಗಿ ಮುಂದಿನ ಜಾಲರಿಯ ಮೇಲೆ ಬರೆದಿರುವ ಕಂಪನಿಯ ಹೆಸರು ಹಿಂದಿನ ಗಾಲಿಗೆ ಸಾಕ್ಷಿಯಾಗುವುದಿಲ್ಲ.

ಬೆಳಗಾವಿಯಲ್ಲಿ ಇಂಥ ಗಾಡಿಗಳ ಮೇಲೆ ಕೆಲಸ ಮಾಡುತ್ತ ನಾನು ಕಲಿತ ಕ್ರಮವೆಂದರೆ ಹಬ್‌ನಿಂದ ಆರಂಭಿಸಿ ಹೊರಕ್ಕೆ ಬರುವುದು. ಮೊದಲು ಹಬ್ಬಿನ ಅಳತೆ, ಆಮೇಲೆ ಆ ಹಬ್ಬಿಗೆ ಒಪ್ಪುವ ಡಿಸ್ಕ್, ಆಮೇಲೆ ರಿಮ್, ಕೊನೆಗೆ ಟೈರ್. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಅಗ್ಗಕ್ಕೆ ಸಿಕ್ಕ ಟೈರಿಗೆ ರಿಮ್ ಹುಡುಕಿ, ಆ ರಿಮ್ಮಿನ ಡಿಸ್ಕನ್ನು ಹೇಗಾದರೂ ಹಬ್ಬಿಗೆ ಕೂರಿಸಲು ನೋಡುತ್ತಾರೆ. ಹತ್ತು ಟನ್ನಿನ ಭಾರ ಹೊರಬೇಕಾದ ಜಾಗದಲ್ಲಿ ಹೇಗಾದರೂ ಕೂರಿಸಿದ್ದು ಬಹಳ ದಿನ ಕೂರುವುದಿಲ್ಲ.

ಗಾಡಿಯ ಮೂಲ ಯಾವ ದೇಶದ್ದು ಎಂಬುದನ್ನು ತಿಳಿದಿರುವುದರಿಂದ ಒಂದು ಲಾಭವಿದೆ: ಅಳತೆಗಳು ಮಿಲಿಮೀಟರಿನಲ್ಲಿ ಇರಬಹುದೋ ಇಂಚಿನಲ್ಲಿ ಇರಬಹುದೋ ಎಂಬ ಅಂದಾಜು ಸಿಗುತ್ತದೆ. ನಮ್ಮ ಭಾಗದಲ್ಲಿ ಹೆಚ್ಚಾಗಿ ಕಾಣುವ ಹಳೆಯ ಲಾರಿಗಳು ಟಾಟಾದವು. ಟಾಟಾದ ಟೆಲ್ಕೊ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಟಾಟಾ-ಮರ್ಸಿಡಿಸ್-ಬೆಂಜ್ ಲಾರಿಗಳನ್ನು ತಯಾರಿಸಿತು. 1969ರಲ್ಲಿ ಆ ಒಪ್ಪಂದ ಮುಗಿದ ಬಳಿಕ ಗಾಡಿಯ ಮುಖದ ಮೇಲೆ ಮೂರು ಕಡ್ಡಿಯ ನಕ್ಷತ್ರದ ಬದಲು ಟಾಟಾ ಗುರುತು ಬಂದಿತು. ಅವುಗಳ ಅಳತೆ ಜರ್ಮನ್ ಪದ್ಧತಿಯದು, ಮಿಲಿಮೀಟರಿನದು. 1948ರಲ್ಲಿ ಅಶೋಕ್ ಮೋಟರ್ಸ್ ಎಂದು ಆರಂಭವಾಗಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆದ ಕಂಪನಿಯ ಕಾಮೆಟ್ ಲಾರಿಗಳು ಮತ್ತು ಹಿಂದುಸ್ತಾನ್ ಮೋಟರ್ಸ್‌ನ ಬೆಡ್‌ಫೋರ್ಡ್ ಲಾರಿಗಳು ಇಂಗ್ಲೆಂಡಿನ ಮೂಲದವು. ಪ್ರೀಮಿಯರ್ ಆಟೊಮೊಬೈಲ್ಸ್‌ನ ಡಾಡ್ಜ್ ಮತ್ತು ಫಾರ್ಗೊ ಅಮೆರಿಕದ ಕ್ರೈಸ್ಲರ್ ಮೂಲದವು. ಎರಡನೆಯ ಮಹಾಯುದ್ಧದ ನಂತರ ಸೈನ್ಯದ ಹರಾಜಿನಲ್ಲಿ ಹೊರಬಂದ ಫೋರ್ಡ್ ಮತ್ತು ಶೆವ್ರೊಲೆ ಗಾಡಿಗಳ ಅವಶೇಷಗಳೂ ಅಲ್ಲೊಂದು ಇಲ್ಲೊಂದು ಸಿಗುತ್ತವೆ. ಇಂಗ್ಲೆಂಡ್ ಮತ್ತು ಅಮೆರಿಕ ಮೂಲದ ಈ ಗಾಡಿಗಳಲ್ಲಿ ಇಂಚಿನ ಅಳತೆಯನ್ನು ನಿರೀಕ್ಷಿಸಬೇಕು. ಆದರೂ ಇದು ಅಂದಾಜು ಮಾತ್ರ, ತೀರ್ಮಾನ ಹೇಳಬೇಕಾದದ್ದು ಸೂಕ್ಷ್ಮ ಅಳತೆಯ ಸಾಧನವಾದ ವರ್ನಿಯರ್.

ಗಾಲಿಗೆ ಕೈ ಹಚ್ಚುವ ಮೊದಲು ಒಂದು ಕೆಲಸವನ್ನು ತಪ್ಪದೆ ಮಾಡಬೇಕು. ಮುಂದಿನ ಎರಡೂ ಗಾಲಿಗಳಿಗೆ ಹಿಂದೆ-ಮುಂದೆ ಕಟ್ಟಿಗೆಯ ಅಡಚಣೆ ಕೊಟ್ಟು, ಜಾಕ್ ಹಾಕಿದ ಬಳಿಕ ಎಕ್ಸಲ್ ಅಡಿಯಲ್ಲಿ ಗಟ್ಟಿ ಸ್ಟ್ಯಾಂಡ್ ಇಟ್ಟು, ನಟ್ ಸಡಿಲಿಸುವ ಮುನ್ನವೇ ಆ ಬದಿಯ ಎರಡೂ ಟೈರುಗಳ ಗಾಳಿಯನ್ನು ವಾಲ್ವಿನ ಪಿನ್ ತೆಗೆದು ಪೂರ್ತಿ ಬಿಡಬೇಕು. ಹೊರಗಿನ ಗಾಲಿಯನ್ನಷ್ಟೇ ಬಿಚ್ಚುತ್ತೇವೆ, ಒಳಗಿನದರ ಗಾಳಿ ಇರಲಿ ಎಂದುಕೊಳ್ಳುವುದು ಅಪಾಯಕಾರಿ ತಪ್ಪು. ಹಳೆಯ ರಿಮ್ಮುಗಳಲ್ಲಿ ಟೈರನ್ನು ಹಿಡಿದಿಟ್ಟಿರುವುದು ಒಂದು ಕಬ್ಬಿಣದ ಲಾಕ್ ರಿಂಗ್. ವರ್ಷಗಟ್ಟಲೆ ತುಕ್ಕು ಹಿಡಿದ ರಿಮ್ ಒಳಗೊಳಗೇ ಸೀಳಿರಬಹುದು. ಅದನ್ನು ಒಟ್ಟಿಗೆ ಹಿಡಿದಿರುವುದು ನಟ್‌ಗಳ ಬಿಗಿತ ಮಾತ್ರವೇ ಆಗಿದ್ದರೆ, ನಟ್ ಸಡಿಲಾದ ಕ್ಷಣದಲ್ಲಿ ಒಳಗಿನ ಗಾಳಿ ಆ ರಿಂಗನ್ನು ಮನುಷ್ಯನ ಮೇಲೆ ಎಸೆಯುತ್ತದೆ. ಪಂಕ್ಚರ್ ಅಂಗಡಿಯಲ್ಲಿ ದಿನವೂ ಮಾಡುವ ಕೆಲಸವೆಂದು ಇದನ್ನು ಹಗುರವಾಗಿ ನೋಡಬಾರದು. ನಿಂತ ಗಾಡಿಯ ರಿಮ್ ದಿನವೂ ಓಡುವ ಗಾಡಿಯ ರಿಮ್ಮಿನಂತಲ್ಲ.

ಗಾಲಿ ಹೊರಬಂದ ಮೇಲೆ ಹಬ್ಬಿನ ಮುಖವನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ, ಸೀಮೆಎಣ್ಣೆಯಿಂದ ಒರೆಸಿ, ಲೋಹ ಕಾಣುವವರೆಗೆ ಸ್ವಚ್ಛ ಮಾಡಬೇಕು. ಬಣ್ಣದ ಪದರದ ಮೇಲೆ ತೆಗೆದ ಅಳತೆ ಒಂದೆರಡು ಮಿಲಿಮೀಟರ್ ತಪ್ಪುತ್ತದೆ, ಮತ್ತು ಈ ಕೆಲಸದಲ್ಲಿ ಅಷ್ಟು ತಪ್ಪೂ ದೊಡ್ಡದು. ಮೊದಲು ಸ್ಟಡ್‌ಗಳನ್ನು ಎಣಿಸಬೇಕು. ಐದು, ಆರು, ಎಂಟು ಅಥವಾ ಹತ್ತು ಇರುತ್ತವೆ. ಎರಡನೆಯದು ಸ್ಟಡ್‌ಗಳ ನಡುಬಿಂದುಗಳ ಮೂಲಕ ಹಾಯುವ ವೃತ್ತದ ವ್ಯಾಸ. ಲೇಥ್ ಅಂಗಡಿಗಳಲ್ಲಿ ಇದನ್ನು ಪಿಸಿಡಿ ಎನ್ನುತ್ತಾರೆ. ಸ್ಟಡ್‌ಗಳ ಸಂಖ್ಯೆ ಸಮವಾಗಿದ್ದರೆ ಎದುರುಬದುರಿನ ಎರಡು ಸ್ಟಡ್‌ಗಳ ನಡುವಿನ ದೂರವೇ ಪಿಸಿಡಿ. ನಡುಬಿಂದುವನ್ನು ಕಣ್ಣಳತೆಯಲ್ಲಿ ಗುರುತಿಸಲು ಹೋಗದೆ, ಒಂದು ಸ್ಟಡ್ಡಿನ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಅಳೆದರೆ ನಡುವಿನಿಂದ ನಡುವಿಗೆ ಅಳೆದಂತೆಯೇ ಆಗುತ್ತದೆ. ಆದರೆ ಎಕ್ಸಲ್ ಶಾಫ್ಟಿನ ಫ್ಲ್ಯಾಂಜ್ (ತುದಿಯ ಚಪ್ಪಟೆ ತಟ್ಟೆ) ನಡುವೆ ಎದ್ದುನಿಂತಿರುವುದರಿಂದ ಟೇಪನ್ನು ನೇರವಾಗಿ ಆಚೆಗೆ ಹಾಯಿಸಲು ಬಹಳ ಸಲ ಬರುವುದಿಲ್ಲ. ಆಗ ಪಕ್ಕಪಕ್ಕದ ಎರಡು ಸ್ಟಡ್‌ಗಳ ದೂರವನ್ನು ವರ್ನಿಯರಿನಿಂದ ಅಳೆದು ಲೆಕ್ಕ ಹಾಕಬೇಕು. ಐದು ಸ್ಟಡ್ ಇದ್ದರೆ ಆ ದೂರವನ್ನು 1.701ರಿಂದ, ಆರು ಇದ್ದರೆ 2ರಿಂದ, ಎಂಟು ಇದ್ದರೆ 2.613ರಿಂದ, ಹತ್ತು ಇದ್ದರೆ 3.236ರಿಂದ ಗುಣಿಸಿದರೆ ಪಿಸಿಡಿ ಬರುತ್ತದೆ. ಎಂಟು ಸ್ಟಡ್ಡಿನ ಹಬ್ಬಿನಲ್ಲಿ ಪಕ್ಕಪಕ್ಕದ ದೂರ ಸುಮಾರು 105 ಮಿ.ಮೀ. ಬಂದಿತೆಂದರೆ ಪಿಸಿಡಿ 275 ಎಂದು ತಿಳಿಯಬಹುದು. ಒಂದೇ ಜೋಡಿಯನ್ನು ಅಳೆದು ಬಿಡದೆ ಮೂರು ಕಡೆ ಅಳೆಯಬೇಕು, ಏಕೆಂದರೆ ಬಾಗಿದ ಸ್ಟಡ್ ಒಂದಾದರೂ ಇದ್ದೇ ಇರುತ್ತದೆ.

ಮೂರನೆಯದು ಹಬ್ಬಿನ ನಡುವೆ ಡಿಸ್ಕ್ ಕೂರುವ ದುಂಡನೆಯ ಮೆಟ್ಟಿಲಿನ ವ್ಯಾಸ, ಅಂದರೆ ಡಿಸ್ಕಿನ ನಡುವಿನ ದೊಡ್ಡ ತೂತಿನ ಅಳತೆ. ಈ ಮೂರು ಅಂಕಿಗಳು ಕೈಗೆ ಬಂದರೆ ಗಾಲಿಯ ವಂಶ ಬಹುಮಟ್ಟಿಗೆ ತಿಳಿದಂತೆ. ಜರ್ಮನ್ ಪದ್ಧತಿಯಲ್ಲಿ ಆರು ಸ್ಟಡ್ಡಿಗೆ ಪಿಸಿಡಿ 205, ನಡುತೂತು 161. ಎಂಟು ಸ್ಟಡ್ಡಿಗೆ 275 ಮತ್ತು 221. ಹತ್ತು ಸ್ಟಡ್ಡಿಗೆ 335 ಮತ್ತು 281 ಮಿ.ಮೀ. ಹಳೆಯ ಅಮೆರಿಕನ್ ಡಿಸ್ಕ್ ಗಾಲಿಗಳಲ್ಲಿ ಐದು ಸ್ಟಡ್ಡಿಗೆ 8 ಇಂಚು, ಅಂದರೆ 203.2 ಮಿ.ಮೀ.; ಆರು ಸ್ಟಡ್ಡಿಗೆ ಎಂಟೂ ಮುಕ್ಕಾಲು ಇಂಚು, ಅಂದರೆ 222.25, ಹತ್ತು ಸ್ಟಡ್ಡಿಗೆ ಹನ್ನೊಂದೂ ಕಾಲು ಇಂಚು, ಅಂದರೆ 285.75 ಮಿ.ಮೀ. ಹತ್ತು ಸ್ಟಡ್ ಇದೆ ಎಂದ ಮಾತ್ರಕ್ಕೆ ಎರಡು ಗಾಲಿಗಳು ಒಂದೇ ಆಗಿರಬೇಕಿಲ್ಲ ಎಂಬುದು ಇದರಿಂದಲೇ ಸ್ಪಷ್ಟ. ಇಂಗ್ಲೆಂಡ್ ಮೂಲದ ಭಾರಿ ಗಾಡಿಗಳ ಹತ್ತು ಸ್ಟಡ್ಡಿನ ಪಿಸಿಡಿ ಮಾತ್ರ ಜರ್ಮನ್ ಅಳತೆಗೆ ಸರಿಸುಮಾರು ಸಮ, 335 ಮಿ.ಮೀ. ಗೊಂದಲ ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ.

ನಾಲ್ಕನೆಯದು ಸ್ಟಡ್ಡಿನ ಆಟೆ, ಅಂದರೆ ನಟ್ ಏರುವ ಸುರುಳಿ ಗೀರು. ಜರ್ಮನ್ ಪದ್ಧತಿಯ ದೊಡ್ಡ ಸ್ಟಡ್ 22 ಮಿ.ಮೀ. ದಪ್ಪ, ಅದರ ಆಟೆಗಳ ನಡುವಿನ ಅಂತರ 1.5 ಮಿ.ಮೀ. ಇಂಗ್ಲಿಷ್ ಸ್ಟಡ್ ಏಳು-ಎಂಟನೇ ಇಂಚು, ಅಂದರೆ 22.2 ಮಿ.ಮೀ. ದಪ್ಪ, ಅದರಲ್ಲಿ ಇಂಚಿಗೆ 11 ಆಟೆ, ಅಂತರ ಸುಮಾರು 2.3 ಮಿ.ಮೀ. ದಪ್ಪವನ್ನಷ್ಟೇ ಅಳೆದರೆ ಎರಡೂ ಒಂದೇ ಎನಿಸುತ್ತವೆ. ಅಮೆರಿಕನ್ ಮುಕ್ಕಾಲು ಇಂಚಿನ ಸ್ಟಡ್ ಇನ್ನೂ ಮೋಸದ್ದು. ಅದರಲ್ಲಿ ಇಂಚಿಗೆ 16 ಆಟೆ ಇರುವುದರಿಂದ ಅಂತರ 1.59 ಮಿ.ಮೀ. ಆಗುತ್ತದೆ; ದಪ್ಪ 19.05 ಮಿ.ಮೀ. ಅದರ ಮೇಲೆ 20 ಮಿ.ಮೀ.ನ, 1.5 ಅಂತರದ ನಟ್ ಸಲೀಸಾಗಿ ಏರುತ್ತದೆ, ಹಿಡಿದಂತೆಯೂ ತೋರುತ್ತದೆ, ಆದರೆ ಆಟೆಯ ತುದಿಗಳು ಮಾತ್ರ ಒಂದನ್ನೊಂದು ತಾಗಿರುತ್ತವೆ. ಆದ್ದರಿಂದ ಆಟೆ ಅಳೆಯುವ ಗೇಜ್ ಇಲ್ಲದೆ ಈ ಕೆಲಸಕ್ಕೆ ಕೂರಬಾರದು. ಗೇಜಿನ ಹಲ್ಲುಗಳು ಆಟೆಯೊಳಗೆ ಕೂತಾಗ ಹಿಂದಿನಿಂದ ಬೆಳಕು ಹಿಡಿದು ನೋಡಿ. ನಡುವೆ ಬೆಳಕು ತೂರಿದರೆ ಅದು ಆ ಅಳತೆಯಲ್ಲ.

ಸ್ಟಡ್ಡಿನ ತಲೆಯ ಮೇಲೆ ಅಥವಾ ನಟ್ಟಿನ ಮುಖದ ಮೇಲೆ ಎಲ್ ಅಥವಾ ಆರ್ ಎಂಬ ಇಂಗ್ಲಿಷ್ ಅಕ್ಷರವಿದೆಯೇ ಎಂದೂ ನೋಡಬೇಕು. ಹಳೆಯ ಇಂಗ್ಲಿಷ್ ಮತ್ತು ಅಮೆರಿಕನ್ ಲಾರಿಗಳಲ್ಲಿ ಎಡಬದಿಯ ಗಾಲಿಗಳಿಗೆ ಎಡತಿರುವಿನ ಆಟೆ, ಬಲಬದಿಗೆ ಬಲತಿರುವಿನ ಆಟೆ ಇರುತ್ತಿತ್ತು. ಎಡತಿರುವಿನ ನಟ್ ಬಿಚ್ಚಬೇಕಾದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಬೇಕು. ಇದನ್ನು ಅರಿಯದೆ ಉದ್ದನೆಯ ಪೈಪ್ ಹಾಕಿ ಇಬ್ಬರು ಸೇರಿ ಜಗ್ಗಿದರೆ ನಟ್ ಬಿಚ್ಚುವುದಿಲ್ಲ, ಸ್ಟಡ್ ಮುರಿಯುತ್ತದೆ. ನಿಮ್ಮ ಗಾಡಿಯಲ್ಲಿ ಎಡಬದಿಗೂ ಬಲತಿರುವಿನ ಸ್ಟಡ್ ಕಂಡರೆ ಆ ಹಬ್ ಮೂಲದ್ದಲ್ಲವೆಂದು ಕೂಡಲೇ ತೀರ್ಮಾನಿಸಬೇಡಿ. ಎರಡೂ ಕಡೆ ಬಲತಿರುವನ್ನೇ ಇಟ್ಟ ಗಾಡಿಗಳೂ ಇವೆ, ನಡುವೆ ಸ್ಟಡ್ ಬದಲಿಸಿದ್ದೂ ಇರಬಹುದು.

ಹೊಸ ಸ್ಟಡ್ ಬೇಕಾದಾಗ ಬೆಳಗಾವಿಯ ಉದ್ಯಮಬಾಗದಲ್ಲಿ ಎಂಥ ಆಟೆಯನ್ನಾದರೂ ಕಡೆದುಕೊಡುವ ಕೈಗಳಿವೆ, ಅವರ ಕೆಲಸದ ನಿಖರತೆಯ ಬಗ್ಗೆ ನನಗೆ ತುಂಬು ಗೌರವವಿದೆ. ಆದರೆ ಗಾಲಿಯ ಸ್ಟಡ್ಡಿಗೆ ಆಕಾರದಷ್ಟೇ ಉಕ್ಕಿನ ಜಾತಿ ಮತ್ತು ಅದಕ್ಕೆ ಕೊಟ್ಟ ಕಾವು ಮುಖ್ಯ. ಸಾದಾ ಸರಳಿನಿಂದ ಕಡೆದ ಸ್ಟಡ್ ನೋಡಲು ಅಚ್ಚುಕಟ್ಟಾಗಿದ್ದರೂ ಭಾರದಲ್ಲಿ ಹಿಗ್ಗುತ್ತದೆ, ಹಿಗ್ಗಿದಾಗ ನಟ್ ಸಡಿಲಾಗುತ್ತದೆ. ಕಡೆಯಿಸಲೇಬೇಕಾದರೆ ಮಿಶ್ರಲೋಹದ ಉಕ್ಕು ತಂದುಕೊಟ್ಟು, ಕಾವಿನ ಕೆಲಸವನ್ನು ಬಲ್ಲವರಿಂದ ಮಾಡಿಸಬೇಕು.

ಇನ್ನು ಡಿಸ್ಕಿನ ತೂತುಗಳ ಅಂಚು. ಇಡೀ ಗುರುತಿಸುವಿಕೆಯಲ್ಲಿ ಜನರು ಹೆಚ್ಚಾಗಿ ಕಡೆಗಣಿಸುವ ಭಾಗ ಇದು. ಇಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ಸಂಖ್ಯೆ, ಪಿಸಿಡಿ, ನಡುತೂತು ಮೂರೂ ಒಂದೇ ಆಗಿದ್ದ ಎರಡು ಎಂಟು-ತೂತಿನ ಡಿಸ್ಕುಗಳನ್ನು ಗುಜರಿಯಲ್ಲಿ ಕೊಂಡುತಂದು, ನನ್ನ ಹಳೆಯ ನಟ್‌ಗಳಿಂದಲೇ ಬಿಗಿದು, ಮಳೆಗಾಲದ ಒಂದು ಬೆಳಿಗ್ಗೆ ನಿಪ್ಪಾಣಿಯ ಕಡೆ ಹೊರಟಿದ್ದೆ. ಸಂಕೇಶ್ವರದ ಹತ್ತಿರ ಚಹಾಕ್ಕೆ ನಿಲ್ಲಿಸಿ ಹಿಂದಿನ ಗಾಲಿಯನ್ನು ನೋಡಿದಾಗ ಪ್ರತಿ ನಟ್ಟಿನ ಬುಡದಿಂದ ಹೊರಕ್ಕೆ, ಸೂರ್ಯನ ಕಿರಣ ಬಿಡಿಸಿದಂತೆ, ಇಟ್ಟಿಗೆ ಬಣ್ಣದ ಗೆರೆಗಳು ಎಳೆದಿದ್ದವು. ಬೆರಳಿನಿಂದ ಒರೆಸಿದರೆ ನುಣ್ಣನೆಯ ಕಬ್ಬಿಣದ ಪುಡಿ. ಡಿಸ್ಕ್ ಸ್ಟಡ್ಡಿನ ಮೇಲೆ ಅತ್ತಿತ್ತ ಉಜ್ಜುತ್ತಿತ್ತು. ಬಿಚ್ಚಿದಾಗ ಮೂರು ತೂತುಗಳು ದುಂಡಾಗಿರದೆ ಮೊಟ್ಟೆಯ ಆಕಾರಕ್ಕೆ ತಿರುಗಿದ್ದವು. ಕಾರಣ ಇಷ್ಟೇ: ಆ ಡಿಸ್ಕಿನ ತೂತಿನ ಅಂಚು ಆಲಿಕೆಯಂತೆ ನೇರ ಇಳಿಜಾರಿನದು, ನನ್ನ ನಟ್ಟಿನ ಮುಖ ಚೆಂಡಿನಂತೆ ಉಬ್ಬಿದ್ದು. ಎರಡೂ ಒಂದು ಸಣ್ಣ ಗೆರೆಯಲ್ಲಿ ಮಾತ್ರ ತಾಗಿದ್ದವು.

ಆದ್ದರಿಂದ ಡಿಸ್ಕಿನ ತೂತಿನ ಅಂಚು ಮೂರು ಬಗೆಯಲ್ಲಿ ಯಾವುದು ಎಂದು ಬೆರಳಾಡಿಸಿ ನೋಡಬೇಕು. ಬಟ್ಟಲಿನಂತೆ ತಗ್ಗಿದ್ದರೆ ಅದಕ್ಕೆ ಚೆಂಡು ಮುಖದ ನಟ್ ಅಥವಾ ಚೆಂಡು ಮುಖದ ಪ್ರತ್ಯೇಕ ವಾಷರ್ ಬೇಕು. ಹಳೆಯ ಅಮೆರಿಕನ್ ಮತ್ತು ಜರ್ಮನ್ ಗಾಲಿಗಳು ಈ ಬಗೆಯವು. ಆಲಿಕೆಯಂತೆ ನೇರ ಇಳಿಜಾರಾಗಿದ್ದರೆ ಶಂಕುವಿನ ಮುಖದ ನಟ್ ಬೇಕು. ಇಂಗ್ಲಿಷ್ ಗಾಲಿಗಳಲ್ಲಿ ಇದು ರೂಢಿ. ಅಂಚು ಚಪ್ಪಟೆಯಾಗಿದ್ದರೆ ಗಾಲಿಯನ್ನು ನಡುವಿಗೆ ತರುವ ಕೆಲಸ ಸ್ಟಡ್ಡಿನದಲ್ಲ, ಹಬ್ಬಿನ ಮೆಟ್ಟಿಲಿನದು. ಇದು ನಂತರದ ಕಾಲದ ಗಾಲಿ, ಇದಕ್ಕೆ ವಾಷರ್ ಸೇರಿಕೊಂಡೇ ಇರುವ ಚಪ್ಪಟೆ ನಟ್ ಬರುತ್ತದೆ. ಅನುಮಾನವಿದ್ದರೆ ತೂತಿನ ಅಂಚಿಗೆ ನೀಲಿ ಬಣ್ಣ ತೆಳುವಾಗಿ ಸವರಿ, ನಟ್ಟನ್ನು ಒತ್ತಿ ತಿರುಗಿಸಿ ತೆಗೆಯಿರಿ. ಬಣ್ಣ ನಟ್ಟಿನ ಮುಖದ ತುಂಬ ಹತ್ತಿದ್ದರೆ ಜೋಡಿ ಸರಿ. ಒಂದು ಉಂಗುರದಷ್ಟೇ ಹತ್ತಿದ್ದರೆ ತಪ್ಪು.

ಜೋಡುಗಾಲಿಯನ್ನು ಬಿಗಿಯುವ ಬಗೆಯಲ್ಲೂ ವಂಶದ ಗುರುತು ಇದೆ. ಹಳೆಯ ಅಮೆರಿಕನ್ ಗಾಲಿಯಲ್ಲಿ ಒಂದು ಸ್ಟಡ್ಡಿಗೆ ಎರಡು ನಟ್ ಇರುತ್ತವೆ. ಒಳಗಿನ ಗಾಲಿಯನ್ನು ಕೊಳವೆಯಂಥ ಒಂದು ಉದ್ದ ನಟ್ ಹಿಡಿದಿರುತ್ತದೆ. ಅದರ ತುದಿ ಚೌಕವಾಗಿದ್ದು ಮೈಮೇಲೆ ಹೊರಗಡೆಯೂ ಆಟೆ ಇರುತ್ತದೆ. ಆ ಹೊರ ಆಟೆಯ ಮೇಲೆ ಆರುಮೂಲೆಯ ದೊಡ್ಡ ನಟ್ ಬಂದು ಹೊರಗಾಲಿಯನ್ನು ಬಿಗಿಯುತ್ತದೆ. ಹೊರನಟ್ಟಿನ ನಡುವೆ ಚೌಕನೆಯ ತುದಿ ಇಣುಕುತ್ತಿದ್ದರೆ ದೂರದಿಂದಲೇ ಈ ಜಾತಿಯನ್ನು ಗುರುತಿಸಬಹುದು. ಇಂಥ ಗಾಲಿಯಲ್ಲಿ ಬಿಗಿತ ಪರೀಕ್ಷಿಸುವಾಗ ಹೊರನಟ್ಟನ್ನು ಮೊದಲು ಸಡಿಲಿಸಿ, ಒಳನಟ್ಟನ್ನು ಬಿಗಿದು, ಆಮೇಲೆ ಮತ್ತೆ ಹೊರನಟ್ಟನ್ನು ಬಿಗಿಯಬೇಕು; ಹೊರಗಿನದನ್ನಷ್ಟೇ ಬಿಗಿದರೆ ಒಳಗಾಲಿ ಸಡಿಲವಾಗಿಯೇ ಉಳಿಯುತ್ತದೆ. ಯುರೋಪಿನ ಪದ್ಧತಿಯಲ್ಲಿ ಉದ್ದನೆಯ ಒಂದೇ ಸ್ಟಡ್ ಮತ್ತು ಒಂದೇ ನಟ್ ಎರಡೂ ಡಿಸ್ಕುಗಳನ್ನು ಒಟ್ಟಿಗೆ ಒತ್ತಿ ಹಿಡಿಯುತ್ತದೆ. ಮೂರನೆಯ ಬಗೆಯೂ ಒಂದಿದೆ, ಡಿಸ್ಕೇ ಇಲ್ಲದ್ದು: ಹಬ್ಬಿಗೇ ಐದು ಅಥವಾ ಆರು ದಪ್ಪನೆಯ ಎರಕದ ಅರಗಳು ಇದ್ದು, ಎರಡು ಬೋಳು ರಿಮ್ಮುಗಳನ್ನು ನಡುವೆ ಒಂದು ಕಬ್ಬಿಣದ ಪಟ್ಟಿ ಇಟ್ಟು ಕೊಕ್ಕೆಗಳಿಂದ ಬಿಗಿದಿರುತ್ತಾರೆ. ಅದಕ್ಕೆ ಪಿಸಿಡಿ ಲೆಕ್ಕವೇ ಅನ್ವಯಿಸುವುದಿಲ್ಲ.

ರಿಮ್ಮಿನ ಅಳತೆ ಸಾಮಾನ್ಯವಾಗಿ ರಿಮ್ಮಿನ ಮೇಲೆಯೇ ಒತ್ತಿರುತ್ತದೆ, ವಾಲ್ವಿನ ಸೀಳಿನ ಆಸುಪಾಸಿನಲ್ಲಿ ಅಥವಾ ಲಾಕ್ ರಿಂಗ್ ಕೂರುವ ಕಾಲುವೆಯ ಪಕ್ಕದಲ್ಲಿ. ತುಕ್ಕು ತೆಗೆದು, ಆ ಜಾಗಕ್ಕೆ ಸೀಮೆಸುಣ್ಣ ತಿಕ್ಕಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಕಣ್ಣಿಗೆ ಬೀಳದಿದ್ದ ಅಂಕಿಗಳು ಬಿಳಿಯಾಗಿ ಏಳುತ್ತವೆ. 7.00-20 ಎಂದಿದ್ದರೆ ರಿಮ್ಮಿನ ಎರಡು ಅಂಚುಗಳ ಒಳಮೈ ನಡುವೆ 7 ಇಂಚು ಅಗಲ, 20 ಇಂಚಿನ ಟೈರು ಎಂದು ಅರ್ಥ. ಅಂಚಿನ ಹೊರಮೈಯಿಂದ ಅಳೆದರೆ ಒಂದು ಇಂಚಿಗಿಂತ ಹೆಚ್ಚು ಬರುತ್ತದೆ, ಅದರಿಂದಲೇ ಬಹಳ ಜನ ತಪ್ಪು ರಿಮ್ ಕೊಳ್ಳುತ್ತಾರೆ. 20 ಇಂಚಿನ ಟೈರುಗಳಲ್ಲಿ 7.50ಕ್ಕೆ 6 ಇಂಚಿನ ರಿಮ್, 8.25ಕ್ಕೆ ಆರೂವರೆ, 9.00ಕ್ಕೆ ಏಳು, 10.00ಕ್ಕೆ ಏಳೂವರೆ ಇಂಚಿನ ರಿಮ್ ರೂಢಿಯ ಜೋಡಿಗಳು.

ರಿಮ್ ಎಷ್ಟು ತುಂಡಿನದು ಎಂದು ನೋಡುವುದೂ ಅಷ್ಟೇ ಅಗತ್ಯ. ಮೂರು ತುಂಡಿನದರಲ್ಲಿ ಮೂಲ ರಿಮ್, ಸೀಳಿಲ್ಲದ ಒಂದು ಅಂಚಿನ ಬಳೆ, ಅದನ್ನು ತಡೆಯುವ ಸೀಳಿರುವ ಲಾಕ್ ರಿಂಗ್ ಇರುತ್ತವೆ. ಎರಡು ತುಂಡಿನದರಲ್ಲಿ ಅಂಚು ಮತ್ತು ಲಾಕ್ ಎರಡರ ಕೆಲಸವನ್ನೂ ಸೀಳಿರುವ ಒಂದೇ ರಿಂಗ್ ಮಾಡುತ್ತದೆ. ಹೊರಗಡೆ ಯಾವ ರಿಂಗೂ ಕಾಣದೆ, ರಿಮ್ಮಿನ ನಡುವೆಯೇ ಸುತ್ತಲೂ ಒಂದು ಸೇರುಗೆರೆ ಇದ್ದರೆ ಅದು ಫೈರ್‌ಸ್ಟೋನ್ ಕಂಪನಿಯ ಆರ್‌ಎಚ್-5 ಡಿಗ್ರಿ ಎಂಬ ಹಳೆಯ ಅಮೆರಿಕನ್ ರಿಮ್. ಗಾಳಿ ತುಂಬುವಾಗ ಬಿಚ್ಚಿಕೊಂಡು ಪ್ರಾಣ ತೆಗೆದ ಕಾರಣಕ್ಕೆ ಅಲ್ಲಿ ಅದಕ್ಕೆ ಹೆಂಡತಿಯರನ್ನು ವಿಧವೆಯಾಗಿಸುವ ರಿಮ್ ಎಂಬ ಹೆಸರೇ ಬಿದ್ದಿತ್ತು. ಅಂಥದ್ದು ಸಿಕ್ಕರೆ ಗಾಡಿಯ ಜೊತೆ ತೋರಿಸಲು ಗೋಡೆಗೆ ಒರಗಿಸಿಡಿ, ಟೈರ್ ಹಾಕಬೇಡಿ. ಉಳಿದ ಬಗೆಗಳಲ್ಲೂ ಒಂದು ರಿಮ್ಮಿನ ರಿಂಗನ್ನು ಇನ್ನೊಂದು ತಯಾರಿಕೆಯ ರಿಮ್ಮಿಗೆ ಹಾಕಬಾರದು. ಕೈಯಲ್ಲಿ ಒತ್ತಿದಾಗ ಕೂತಂತೆ ಕಂಡರೂ ಕಾಲುವೆಯ ಆಕಾರ ಬೇರೆಯಾಗಿರುತ್ತದೆ. ಒಂದೇ ತುಂಡಿನ, ರಿಂಗಿಲ್ಲದ, 22.5 ಎಂದು ಒತ್ತಿರುವ ರಿಮ್ ಕಂಡರೆ ಅದು ಟ್ಯೂಬ್‌ಲೆಸ್ ಕಾಲದ್ದು, ಹಳೆಯ ಗಾಡಿಗೆ ಆಮೇಲೆ ಬಂದದ್ದು.

ಡಿಸ್ಕ್ ರಿಮ್ಮಿನ ನಡುಗೆರೆಯಿಂದ ಎಷ್ಟು ಪಕ್ಕಕ್ಕೆ ಉಬ್ಬಿದೆ ಎಂಬುದು ಜೋಡುಗಾಲಿಯ ಜೀವಾಳ. ಹಿಂದೆ ಎರಡು ಗಾಲಿಗಳು ಬೆನ್ನಿಗೆ ಬೆನ್ನು ಕೊಟ್ಟು ಕೂರುವುದರಿಂದ ಎರಡು ಟೈರುಗಳ ನಡುಗೆರೆಗಳ ಅಂತರ ಆ ಉಬ್ಬಿನ ಎರಡರಷ್ಟು. ಅದೇ ಗಾಲಿಯನ್ನು ತಿರುಗಿಸಿ ಮುಂದೆ ಹಾಕುವುದರಿಂದ ಮುಂದಿನ ಗಾಲಿ ಹೊರಕ್ಕೆ ಉಬ್ಬಿದಂತೆಯೂ ಹಿಂದಿನ ಹೊರಗಾಲಿ ಬೋಗುಣಿಯಂತೆ ಒಳಕ್ಕೆ ತಗ್ಗಿದಂತೆಯೂ ಕಾಣುತ್ತವೆ, ಒಂದೇ ಸ್ಟೆಪ್ನಿ ಆರೂ ಕಡೆಗೆ ಆಗುತ್ತದೆ. ಉಬ್ಬನ್ನು ಅಳೆಯಲು ತಗ್ಗಿದ ಬದಿ ಮೇಲಾಗುವಂತೆ ಗಾಲಿಯನ್ನು ಅಡ್ಡ ಮಲಗಿಸಿ, ರಿಮ್ಮಿನ ಅಂಚುಗಳ ಮೇಲೆ ನೇರ ಪಟ್ಟಿಯೊಂದನ್ನಿಟ್ಟು, ಅಲ್ಲಿಂದ ಡಿಸ್ಕ್ ಹಬ್ಬಿಗೆ ತಾಗುವ ಮೈಯವರೆಗಿನ ಆಳವನ್ನು ತೆಗೆಯಿರಿ. ಆ ಆಳಕ್ಕೆ ಡಿಸ್ಕಿನ ದಪ್ಪವನ್ನು ಸೇರಿಸಿ, ಅದರಿಂದ ರಿಮ್ಮಿನ ಒಟ್ಟು ಹೊರ ಅಗಲದ ಅರ್ಧವನ್ನು ಕಳೆದರೆ ಉತ್ತರ ಸಿಗುತ್ತದೆ. ಒಂದೇ ಬದಿಯ ಎರಡು ಡಿಸ್ಕುಗಳ ಉಬ್ಬು ಬೇರೆಬೇರೆ ಬಂದರೆ ಅವೆರಡೂ ಒಂದೇ ಮೂಲದವಲ್ಲ. ಅಂತರ ಕಡಿಮೆಯಾದರೆ ಭಾರ ಬಿದ್ದಾಗ ಟೈರುಗಳ ಹೊಟ್ಟೆ ಒಂದಕ್ಕೊಂದು ಉಜ್ಜುತ್ತದೆ. ವಿಜಯಪುರದ ಕಡೆಯ ಎರೆಹೊಲದಲ್ಲಿ ಮಳೆಗಾಲಕ್ಕೆ ಗಾಡಿ ಇಳಿಸಿದವರಿಗೆ ಇದರ ಇನ್ನೊಂದು ಮುಖವೂ ಗೊತ್ತು: ಎರಡು ಟೈರುಗಳ ನಡುವೆ ಸಿಕ್ಕಿದ ಕರಿಮಣ್ಣು ಒಣಗಿ ಕಲ್ಲಾಗಿ ಟೈರಿನ ಗೋಡೆಯನ್ನೇ ತಿನ್ನುತ್ತದೆ. ಜೋಡಿಯಾಗಿ ಹಾಕುವ ಎರಡು ಟೈರುಗಳ ವ್ಯಾಸವೂ ಸರಿಸಮವಾಗಿರಬೇಕು. 8.25 ಮತ್ತು ಅದಕ್ಕಿಂತ ಸಣ್ಣ ಟೈರುಗಳಲ್ಲಿ ಕಾಲು ಇಂಚು, 9.00 ಮತ್ತು ಅದಕ್ಕಿಂತ ದೊಡ್ಡವುಗಳಲ್ಲಿ ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು, ಇಲ್ಲವಾದರೆ ದೊಡ್ಡ ಟೈರೇ ಹೆಚ್ಚಿನ ಭಾರವನ್ನು ಹೊರುತ್ತದೆ.

ಈಗ ಎಕ್ಸಲ್. ಹಬ್ಬಿನ ನಡುವೆ ಬೋಲ್ಟುಗಳ ಇನ್ನೊಂದು ಸಣ್ಣ ವೃತ್ತದಿಂದ ಬಿಗಿದ ಫ್ಲ್ಯಾಂಜ್ ಕಂಡರೆ ಅದು ಫುಲ್ ಫ್ಲೋಟಿಂಗ್ ಎಕ್ಸಲ್. ಜೋಡುಗಾಲಿಯ ಲಾರಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಇದೇ. ಇದರಲ್ಲಿ ಗಾಡಿಯ ಭಾರವನ್ನು ಹೊರುವುದು ಹೌಸಿಂಗಿನ ಕೊಳವೆ ಮತ್ತು ಹಬ್ಬಿನ ಎರಡು ಬೇರಿಂಗುಗಳು. ಒಳಗಿನ ಹಾಫ್ ಶಾಫ್ಟ್ ತಿರುಗಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಹೀಗಾಗಿ ಗಾಲಿ ನೆಲದ ಮೇಲಿರುವಾಗಲೇ ಶಾಫ್ಟನ್ನು ಹೊರಗೆಳೆಯಬಹುದು. ಎಳೆದ ಶಾಫ್ಟಿನ ಒಳತುದಿಯ ಸ್ಪ್ಲೈನ್ ಹಲ್ಲುಗಳ ಸಂಖ್ಯೆ, ಫ್ಲ್ಯಾಂಜಿನಿಂದ ತುದಿಯವರೆಗಿನ ಉದ್ದ, ಎಡ-ಬಲ ಶಾಫ್ಟುಗಳ ಉದ್ದದ ವ್ಯತ್ಯಾಸ ಇವನ್ನು ಬರೆದಿಟ್ಟುಕೊಳ್ಳಿ. ಹಬ್ ಬಿಚ್ಚಿದ್ದರೆ ಬೇರಿಂಗಿನ ಮೇಲಿನ ಸಂಖ್ಯೆಯೂ ಮಾತಾಡುತ್ತದೆ. ಮಿಲಿಮೀಟರ್ ಪದ್ಧತಿಯ ಬೇರಿಂಗಿನಲ್ಲಿ ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ಒಳವ್ಯಾಸ ಬರುತ್ತದೆ: 32213 ಎಂದಿದ್ದರೆ 65 ಮಿ.ಮೀ. ಇಂಚಿನ ಪದ್ಧತಿಯದಾದರೆ ಒಳಭಾಗಕ್ಕೂ ಹೊರಬಳೆಗೂ ಬೇರೆಬೇರೆ ಸಂಖ್ಯೆಗಳಿರುತ್ತವೆ.

ಗಾಡಿಯ ಅಡಿಗೆ ತೂರಿ ಹೌಸಿಂಗಿನ ಆಕಾರವನ್ನು ನೋಡಿ. ನಡುವೆ ದುಂಡನೆಯ ಬಾಯಿಯಿದ್ದು, ಡಿಫರೆನ್ಷಿಯಲ್ (ಎರಡೂ ಬದಿಯ ಗಾಲಿಗಳಿಗೆ ತಿರುವು ಹಂಚುವ ಹಲ್ಲುಚಕ್ರಗಳ ಗುಂಪು) ಇಡಿಯಾಗಿ ಮುಂಬದಿಗೆ ಬಿಚ್ಚಿ ಬರುವಂತಿದ್ದರೆ ಅದನ್ನು ಬ್ಯಾಂಜೊ ಹೌಸಿಂಗ್ ಎನ್ನುತ್ತಾರೆ. ನಡುವಿನ ಎರಕದ ಪೆಟ್ಟಿಗೆಗೆ ಎರಡು ಬದಿಯಿಂದ ಕೊಳವೆಗಳು ಸೇರಿದ್ದು, ಹಿಂದೆ ಮುಚ್ಚಳವಿದ್ದರೆ ಅದು ಸ್ಯಾಲಿಸ್ಬರಿ ಬಗೆ. ಎರಕದ ಮೇಲೆ ಉಬ್ಬಿದ ಸಂಖ್ಯೆಗಳನ್ನೂ, ಬೋಲ್ಟಿನ ಕೆಳಗೆ ಸಿಕ್ಕಿಸಿದ ತಗಡಿನ ತುಂಡೇನಾದರೂ ಇದ್ದರೆ ಅದರ ಮೇಲಿನ ಅಂಕಿಗಳನ್ನೂ ಬರೆದುಕೊಳ್ಳಿ. ಹೌಸಿಂಗಿನ ಮೇಲೆ ತಂತಿ ಅಥವಾ ರಬ್ಬರ್ ಕೊಳವೆ ಬಂದು ಸೇರುವ ಒಂದು ಸಣ್ಣ ಡಬ್ಬಿ ಇದ್ದರೆ ಅದು ಎರಡು ವೇಗದ ಎಕ್ಸಲ್ ಆಗಿರುವ ಸಾಧ್ಯತೆ ಹೆಚ್ಚು. ಅಮೆರಿಕನ್ ಗಾಡಿಗಳಲ್ಲಿ ಈಟನ್ ಕಂಪನಿಯ ಇಂಥ ಎಕ್ಸಲ್‌ಗಳು ಬರುತ್ತಿದ್ದವು. ಕಮಾನುಪಟ್ಟಿ ಕೂರುವ ಎರಡು ಪೀಠಗಳ ನಡುವಿನ ಅಂತರ, ಒಂದು ಹಬ್ಬಿನ ಮುಖದಿಂದ ಇನ್ನೊಂದರ ಮುಖದವರೆಗಿನ ಅಂತರ ಈ ಎರಡನ್ನೂ ಟೇಪಿನಿಂದ ತೆಗೆಯಿರಿ. ಪೀಠಗಳನ್ನು ಹೊಸದಾಗಿ ಬೆಸೆದ ಗುರುತಿದ್ದರೆ ಎಕ್ಸಲ್ ಬೇರೆ ಗಾಡಿಯಿಂದ ಬಂದಿದೆ ಎನ್ನಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಇಳಕಲ್ಲಿನ ಗ್ರಾನೈಟ್ ಬಂಡೆಗಳಂಥ ಭಾರ ಹೊತ್ತ ಗಾಡಿಗಳಲ್ಲಿ ಹೌಸಿಂಗಿನ ಹೊಟ್ಟೆಗೆ ಪಟ್ಟಿ ಬೆಸೆದು ಬಲಪಡಿಸಿರುವುದುಂಟು. ಆ ಬೆಸುಗೆಯ ಅಂಚಿನಲ್ಲೇ ಬಿರುಕು ಹುಡುಕಬೇಕು.

ಕೊನೆಯದಾಗಿ ಎಕ್ಸಲ್ಲಿನ ಹಲ್ಲಿನ ಅನುಪಾತ. ಡಿಫರೆನ್ಷಿಯಲ್ ಬಿಚ್ಚಿದ್ದರೆ ಕ್ರೌನ್ (ದೊಡ್ಡ ಹಲ್ಲುಚಕ್ರ) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ) ಹಲ್ಲುಗಳನ್ನು ಎಣಿಸಿ ಭಾಗಿಸಿದರಾಯಿತು. 41ಕ್ಕೆ 6 ಇದ್ದರೆ 6.83. ಬಿಚ್ಚಿಲ್ಲದಿದ್ದರೆ ಗಿಯರನ್ನು ನ್ಯೂಟ್ರಲ್‌ನಲ್ಲಿಟ್ಟು, ಮುಂದಿನ ಗಾಲಿಗಳಿಗೆ ಅಡಚಣೆ ಕೊಟ್ಟು, ಹಿಂದಿನ ಒಂದು ಬದಿಯನ್ನು ಮಾತ್ರ ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿದ ನಂತರ ಹ್ಯಾಂಡ್ ಬ್ರೇಕ್ ಬಿಡಬೇಕು. ಎತ್ತಿದ ಬದಿಯ ಗಾಲಿಗೂ ಗಿಯರ್‌ಬಾಕ್ಸಿನಿಂದ ಎಕ್ಸಲ್ಲಿಗೆ ಬರುವ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ, ಒಬ್ಬರು ಗಾಲಿಯನ್ನು ನಿಧಾನವಾಗಿ 20 ಸುತ್ತು ತಿರುಗಿಸುವಾಗ ಇನ್ನೊಬ್ಬರು ಪಕ್ಕದಿಂದ ಶಾಫ್ಟಿನ ಸುತ್ತುಗಳನ್ನು ಎಣಿಸಬೇಕು. ಆಚೆಯ ಗಾಲಿ ನೆಲದ ಮೇಲೆ ನಿಂತಿರುವುದರಿಂದ ಈ ಗಾಲಿಯ ಎರಡು ಸುತ್ತು ಕ್ರೌನಿನ ಒಂದು ಸುತ್ತಿಗೆ ಸಮ. ಆದ್ದರಿಂದ ಎಣಿಕೆಯನ್ನು 10ರಿಂದ ಭಾಗಿಸಬೇಕು. ಶಾಫ್ಟ್ 68 ಸುತ್ತಿಗಿಂತ ತುಸು ಹೆಚ್ಚು ತಿರುಗಿದ್ದರೆ ಅನುಪಾತ ಅದೇ 6.83. ಎರಡು ವೇಗದ ಎಕ್ಸಲ್ಲಾದರೆ ಎರಡೂ ಸ್ಥಿತಿಗಳಲ್ಲಿ ಬೇರೆಬೇರೆಯಾಗಿ ಎಣಿಸಬೇಕು.

ಇಷ್ಟು ಅಳತೆಗಳನ್ನೂ ಒಂದು ಹಾಳೆಯಲ್ಲಿ ಎಡಗಾಲಿ, ಬಲಗಾಲಿ ಎಂದು ಬೇರ್ಪಡಿಸಿ ಬರೆದುಕೊಂಡು, ವರ್ನಿಯರನ್ನೂ ಆಟೆಯ ಗೇಜನ್ನೂ ಜೊತೆಗಿಟ್ಟುಕೊಂಡೇ ಗುಜರಿಗೆ ಹೋಗಬೇಕು. ಸರಿಯಾದ ಡಿಸ್ಕ್ ಸಿಕ್ಕಿ ಗಾಲಿ ಏರಿಸುವಾಗ ಹಬ್ಬಿನ ಮುಖ ಮತ್ತು ಎರಡು ಡಿಸ್ಕುಗಳು ಒಂದನ್ನೊಂದು ತಾಗುವ ಮೈಗಳ ಮೇಲೆ ದಪ್ಪ ಬಣ್ಣ ಇರಕೂಡದು. ಬಣ್ಣ ಒತ್ತಡಕ್ಕೆ ಕರಗಿ ಹೋದಂತೆಲ್ಲ ಬಿಗಿತವೂ ಹೋಗುತ್ತದೆ. ಒಳಗಾಲಿಯ ಮತ್ತು ಹೊರಗಾಲಿಯ ವಾಲ್ವುಗಳು ಎದುರುಬದುರಾಗಿ ಬರಲಿ, ಆಗ ಡಿಸ್ಕಿನ ಕೈತೂತಿನಿಂದ ಒಳಟೈರಿಗೆ ಗಾಳಿ ಹಿಡಿಯಲು ಬರುತ್ತದೆ. ನಟ್‌ಗಳನ್ನು ವರಸೆಯಾಗಿ ಅಲ್ಲ, ಒಂದರ ನಂತರ ಅದರ ಎದುರಿನದು ಎಂಬಂತೆ ಎರಡು ಮೂರು ಸರದಿಯಲ್ಲಿ ಬಿಗಿದು, ಪ್ರತಿ ನಟ್ಟಿನ ಮೂಲೆಯಿಂದ ಡಿಸ್ಕಿನ ಮೇಲೆ ಒಂದು ಗೆರೆ ಎಳೆಯಿರಿ. 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ನಿಲ್ಲಿಸಿ ಎಲ್ಲ ನಟ್‌ಗಳನ್ನೂ ಮತ್ತೊಮ್ಮೆ ಬಿಗಿಯಬೇಕು, ಗೆರೆ ಸರಿದ ನಟ್ ಯಾವುದೆಂದು ಬರೆದುಕೊಳ್ಳಬೇಕು, ಮತ್ತು ಅದೇ ನಟ್ ಎರಡನೆಯ ಸಲವೂ ಸರಿದಿದ್ದರೆ ಗಾಲಿಯನ್ನು ಇಳಿಸಿ ಅದರ ತೂತಿನ ಅಂಚಿಗೆ ನೀಲಿ ಸವರಿ ನೋಡಬೇಕು.